ವಿಕಟಕವಿಯಲ್ಲದ ಸ್ಪಿನ್ ಸಾಲು: ಕಾಂತಕ್ರಮದಿಂದ ವಿದ್ಯುತ್ ಧ್ರುವೀಕರಣ

ಟರ್ಬಿಯಂ, ಮ್ಯಾಂಗನೀಸ್, ಆಮ್ಲಜನಕ 1:1:3ರ ಲೆಕ್ಕದಲ್ಲಿ ಸೇರಿದ ಕಪ್ಪು ಹರಳು ಟರ್ಬಿಯಂ ಮ್ಯಾಂಗನೈಟ್. ಕೋಣೆಯ ಉಷ್ಣಾಂಶದಲ್ಲಿ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. 41 ಕೆಲ್ವಿನ್‌ಗೆ ಇಳಿಸಿದಾಗ ಮ್ಯಾಂಗನೀಸ್ ಸ್ಪಿನ್‌ಗಳು ಒಂದು ಕ್ರಮಕ್ಕೆ ಬರುತ್ತವೆ (ಪ್ರತಿ ಅಯಾನೂ ಒಂದು ಪುಟ್ಟ ಅಯಸ್ಕಾಂತ, ಅದರ ಬಾಣವೇ ಸ್ಪಿನ್). ಆಗಲೂ ವಿದ್ಯುತ್ ಧ್ರುವೀಕರಣ, ಅಂದರೆ ಧನ-ಋಣ ಆವೇಶಗಳು ಒಂದಕ್ಕೊಂದು ಸರಿದು ನಿಲ್ಲುವುದು, ಸೊನ್ನೆಯೇ. ಇನ್ನೂ ತಂಪು ಮಾಡಿ 28 ಕೆಲ್ವಿನ್ ದಾಟಿಸಿದರೆ ಸ್ಪಿನ್‌ಗಳ ಜೋಡಣೆ ಬದಲಾಗುತ್ತದೆ, ಅದರ ಜೊತೆಜೊತೆಗೇ ಸಿ ಅಕ್ಷದ ದಿಕ್ಕಿನಲ್ಲಿ ಧ್ರುವೀಕರಣ ಹುಟ್ಟುತ್ತದೆ (ಹರಳಿನ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳಿಗೆ ಎ, ಬಿ, ಸಿ ಎಂದು ಹೆಸರು). ಬಿ ಅಕ್ಷದಗುಂಟ ಸುಮಾರು 5 ಟೆಸ್ಲಾ ಕಾಂತಕ್ಷೇತ್ರ ಕೊಟ್ಟರೆ ಆ ಧ್ರುವೀಕರಣ ಸಿ ಅಕ್ಷವನ್ನು ಬಿಟ್ಟು ಎ ಅಕ್ಷಕ್ಕೆ ಹೊರಳುತ್ತದೆ. ಜಪಾನಿನ ಟ್ಸುಯೋಶಿ ಕಿಮುರಾ, ಯೋಶಿನೋರಿ ಟೋಕುರಾ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸಿದರು. ಮಲ್ಟಿಫೆರೋಯಿಕ್ (ಕಾಂತಕ್ರಮ, ಧ್ರುವೀಕರಣ ಎರಡೂ ಇರುವ ವಸ್ತು) ಎಂಬ ಹೆಸರಿನಲ್ಲಿ ಇವತ್ತು ನಡೆಯುತ್ತಿರುವ ಕೆಲಸದ ದೊಡ್ಡ ಪಾಲಿಗೆ ಈ ಹರಳೇ ಮೂಲ. ಅದಕ್ಕೆ ಮುಂಚೆಯೂ ಸುಳಿವುಗಳಿದ್ದವು. 1978ರಲ್ಲಿ ನ್ಯೂನಮ್ ಮತ್ತು ಸಂಗಡಿಗರು ಕ್ರೋಮಿಯಂ ಬೆರಿಲಿಯಂ ಆಕ್ಸೈಡಿನಲ್ಲಿ ಇಂಥದ್ದೇ ಕಂಡಿದ್ದರು. ಆದರೆ ಅಲ್ಲಿನ ಧ್ರುವೀಕರಣ ತೀರಾ ಚಿಕ್ಕದು, ಹೆಚ್ಚು ಜನ ಅದರ ಕಡೆ ತಿರುಗಲಿಲ್ಲ.

ಇಲ್ಲಿ ಕಾಂತಗುಣ ಮತ್ತು ಧ್ರುವೀಕರಣ ಒಂದೇ ಹರಳಿನಲ್ಲಿ ಇವೆ ಎಂಬುದು ದೊಡ್ಡ ಮಾತಲ್ಲ. ಬಿಸ್ಮತ್ ಫೆರೈಟಿನಲ್ಲೂ ಎರಡೂ ಇವೆ. ಅಲ್ಲಿ ಧ್ರುವೀಕರಣ ಸುಮಾರು 1100 ಕೆಲ್ವಿನ್‌ನಲ್ಲೇ ಬರುತ್ತದೆ, ಕಾಂತಕ್ರಮ ಬರುವುದು 640 ಕೆಲ್ವಿನ್ ಹತ್ತಿರ. ಎರಡಕ್ಕೂ ಕಾರಣ ಬೇರೆ ಬೇರೆ, ಒಂದೇ ಮನೆಯ ಎರಡು ಬಾಡಿಗೆದಾರರಂತೆ. ಟರ್ಬಿಯಂ ಮ್ಯಾಂಗನೈಟಿನಲ್ಲಿ ಹಾಗಲ್ಲ. ಕಾಂತಕ್ರಮ ತೆಗೆದರೆ ಧ್ರುವೀಕರಣವೇ ಇರುವುದಿಲ್ಲ. ಹರಳಿಗೆ ತಾನಾಗಿ ಧ್ರುವೀಕರಣಗೊಳ್ಳುವ ಒಲವು ಎಳ್ಳಷ್ಟೂ ಇಲ್ಲ, ಸ್ಪಿನ್‌ಗಳು ಅದನ್ನು ಎಳೆದು ತರುತ್ತವೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಅದರಿಂದಲೇ ಬರುತ್ತದೆ. ಧ್ರುವೀಕರಣ ಏಕೆ ಇಷ್ಟು ಚಿಕ್ಕದು, ಕಾಂತಕ್ಷೇತ್ರಕ್ಕೆ ಏಕೆ ಇಷ್ಟು ಬಗ್ಗುತ್ತದೆ, ಅಳೆಯುವಾಗ ಏಕೆ ಇಷ್ಟು ಜನ ಮೋಸಹೋಗುತ್ತಾರೆ, ಎಲ್ಲವೂ.

ಚಿಕ್ಕದು ಎಂದರೆ ಎಷ್ಟು ಚಿಕ್ಕದು? ಬೇರಿಯಂ ಟೈಟನೇಟಿನ ಧ್ರುವೀಕರಣ ಚದರ ಮೀಟರಿಗೆ ಸುಮಾರು 2,60,000 ಮೈಕ್ರೋಕೂಲಂಬ್. ಟರ್ಬಿಯಂ ಮ್ಯಾಂಗನೈಟಿನದು 600ರಿಂದ 800. ಕೈಲೆಕ್ಕ ಮಾಡಿ ನೋಡೋಣ. ಏಕಕೋಶದ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ತುಣುಕಿನ, ಗಾತ್ರ ಸುಮಾರು 229 ಘನ ಆಂಗ್‌ಸ್ಟ್ರಾಮ್. 600 ಮೈಕ್ರೋಕೂಲಂಬ್ ಎಂದು ಹಿಡಿದರೆ, ಒಂದು ಎಲೆಕ್ಟ್ರಾನಿನಷ್ಟು ಆವೇಶ 0.86 ಪೈಕೋಮೀಟರ್ ಸರಿದಷ್ಟು ದ್ವಿಧ್ರುವ ಒಂದು ಕೋಶಕ್ಕೆ ಬರುತ್ತದೆ. ಕೋಶದಲ್ಲಿ ನಾಲ್ಕು ಮ್ಯಾಂಗನೀಸ್ ಅಯಾನುಗಳಿವೆ, ಒಂದೊಂದಕ್ಕೂ 3 ಧನ ಆವೇಶ. ಅವಷ್ಟೇ ಒಟ್ಟಿಗೆ ಸರಿದವು ಎಂದುಕೊಂಡರೆ ಪ್ರತಿಯೊಂದೂ ಸುಮಾರು 70 ಫೆಮ್ಟೋಮೀಟರ್ ಸರಿದರೆ ಸಾಕು (ಒಂದು ಪೈಕೋಮೀಟರಿಗೆ ಸಾವಿರ ಫೆಮ್ಟೋಮೀಟರ್). ಬೇರಿಯಂ ಟೈಟನೇಟಿನ ಟೈಟಾನಿಯಂ ಸರಿಯುವುದು 10,000 ಫೆಮ್ಟೋಮೀಟರಿನ ಆಸುಪಾಸು. 2011ರಲ್ಲಿ ಎಕ್ಸ್-ಕಿರಣ ಚದುರುವಿಕೆಯಿಂದ ಈ ಸ್ಥಾನಪಲ್ಲಟವನ್ನು ನೇರವಾಗಿಯೇ ಅಳೆದರು. ಸಿಕ್ಕಿದ್ದು 20 ಫೆಮ್ಟೋಮೀಟರಿನ ಮಟ್ಟದ ಸರಿತ. ಟರ್ಬಿಯಂ ಪರಮಾಣುವಿನ ಬೀಜದ ಅಡ್ಡಳತೆಯೇ ಸುಮಾರು 13 ಫೆಮ್ಟೋಮೀಟರ್. ಅಯಾನು ತನ್ನ ಬೀಜದ ಅಗಲಕ್ಕಿಂತ ತುಸುವೇ ಹೆಚ್ಚು ಸರಿದದ್ದನ್ನು ಮನುಷ್ಯ ಅಳೆದಿದ್ದಾನೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಸಾಲನ್ನು ಹಿಂದುಮುಂದಾಗಿ ಓದಿ

ಧ್ರುವೀಕರಣ ಒಂದು ಬಾಣ. ಹರಳಿನ ಪ್ರತಿಯೊಂದು ಬಿಂದುವನ್ನೂ ಕೇಂದ್ರದ ಆಚೆ ಬದಿಗೆ ಒಯ್ದರೆ, ಅಂದರೆ ವಿಲೋಮ ಮಾಡಿದರೆ, ಆ ಬಾಣ ತಿರುಗುಮುರುಗಾಗುತ್ತದೆ. ಸ್ಪಿನ್ ಹಾಗಲ್ಲ. ಅದು ತಿರುಗುವಿಕೆಯ ಬಾಣ. ವಿಲೋಮದಲ್ಲಿ ಅದರ ಜಾಗ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಕಾಲವನ್ನು ಹಿಂದಕ್ಕೆ ಓಡಿಸಿದರೆ ಇದರ ಉಲ್ಟಾ: ಸ್ಪಿನ್ ತಿರುಗಿಬೀಳುತ್ತದೆ, ಧ್ರುವೀಕರಣ ಇದ್ದಂತೆಯೇ ಇರುತ್ತದೆ.

ಈಗ ಸ್ಪಿನ್‌ಗಳ ಒಂದು ಸಾಲು ತೆಗೆದುಕೊಳ್ಳಿ. ವಿಲೋಮ ಮಾಡುವುದೆಂದರೆ ಬಾಣಗಳನ್ನು ಹಾಗೇ ಬಿಟ್ಟು ಸಾಲನ್ನು ಬಲದಿಂದ ಎಡಕ್ಕೆ ಓದುವುದು. 41ರಿಂದ 28 ಕೆಲ್ವಿನ್ ನಡುವೆ ಟರ್ಬಿಯಂ ಮ್ಯಾಂಗನೈಟಿನಲ್ಲಿ ಸ್ಪಿನ್‌ಗಳೆಲ್ಲ ಬಿ ಅಕ್ಷಕ್ಕೇ ಅಂಟಿಕೊಂಡಿರುತ್ತವೆ. ಅವುಗಳ ಉದ್ದ ಮಾತ್ರ ಅಲೆಯಂತೆ ಏರಿಳಿಯುತ್ತದೆ: ಸೊನ್ನೆ, ಅರ್ಧ, ಪೂರ್ಣ, ಅರ್ಧ, ಸೊನ್ನೆ, ಆಮೇಲೆ ಎದುರು ದಿಕ್ಕಿಗೆ ಅರ್ಧ, ಪೂರ್ಣ, ಅರ್ಧ. ಅಲೆಯ ತುದಿಯಲ್ಲಿ ನಿಂತು ಎಡಕ್ಕೆ ಓದಿದರೂ ಬಲಕ್ಕೆ ಓದಿದರೂ ಒಂದೇ. ಇದು ‘ವಿಕಟಕವಿ’ ಎಂಬ ಪದದಂಥ ಸಾಲು. ವಿಲೋಮ ಸಮ್ಮಿತಿ ಉಳಿದಿದೆ, ಹಾಗಾಗಿ ಧ್ರುವೀಕರಣಕ್ಕೆ ಜಾಗವೇ ಇಲ್ಲ.

28 ಕೆಲ್ವಿನ್‌ಗಿಂತ ಕೆಳಗೆ ಸಿ ದಿಕ್ಕಿನ ಸ್ಪಿನ್ ಭಾಗವೂ ಎದ್ದು ನಿಲ್ಲುತ್ತದೆ, ಅದೂ ಮೊದಲ ಅಲೆಗಿಂತ ಕಾಲು ಸುತ್ತು ಹಿಂದೆ. ಎರಡೂ ಸೇರಿ ಸ್ಪಿನ್ ಬಿ-ಸಿ ಸಮತಲದಲ್ಲಿ ತಿರುಗುತ್ತಾ ಸಾಗುತ್ತದೆ: ↑ → ↓ ←. ಇದನ್ನು ಮೊದಲ ಬಾಣದಿಂದ ಎಡಕ್ಕೆ ಓದಿ: ↑ ← ↓ →. ಬೇರೆಯದೇ ಸಾಲು ಬಂತು. ಬಲಮುರಿಯಾಗಿದ್ದದ್ದು ಎಡಮುರಿಯಾಯಿತು. ಇಂಥ ಸಾಲನ್ನು ಸೈಕ್ಲಾಯ್ಡ್ ಎನ್ನುತ್ತಾರೆ. ಉರುಳುವ ಬಂಡಿ ಚಕ್ರದ ಒಂದು ಕಡ್ಡಿ ಹೇಗೆ ತಿರುಗುತ್ತಾ ಮುಂದೆ ಹೋಗುತ್ತದೋ ಹಾಗೆ. ಬಲಮುರಿಗೆ ಧ್ರುವೀಕರಣ ಮೇಲ್ಮುಖವಾದರೆ ಎಡಮುರಿಗೆ ಕೆಳಮುಖ. ನ್ಯೂಟ್ರಾನ್ ವಿವರ್ತನೆಯಿಂದ ಕೆನ್ಜಲ್‌ಮನ್ ಮತ್ತು ಸಂಗಡಿಗರು 2005ರಲ್ಲಿ 28ರ ಮೇಲಿನ ಮತ್ತು ಕೆಳಗಿನ ಈ ಎರಡು ಜೋಡಣೆಗಳನ್ನು ಬಿಡಿಸಿ ತೋರಿಸಿದರು.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ವಿಲೋಮ ಸಮ್ಮಿತಿ ಮುರಿದರೆ ಸಾಕು, ಧ್ರುವೀಕರಣ ಬಂದೇಬಿಡುತ್ತದೆ ಎಂದುಕೊಳ್ಳುವುದು. ಕ್ರೋಮಿಯಂ ಆಕ್ಸೈಡ್ ನೋಡಿ. 307 ಕೆಲ್ವಿನ್ ಕೆಳಗೆ ಅದರ ಸ್ಪಿನ್‌ಗಳು ↑ ↓ ↑ ↓ ಎಂದು ನಿಲ್ಲುತ್ತವೆ. ವಿಲೋಮ ಕೇಂದ್ರ ಅಯಾನುಗಳ ನಡುವೆ ಇರುವುದರಿಂದ ಹಿಂದಕ್ಕೆ ಓದಿದರೆ ↓ ↑ ↓ ↑. ಅಂದರೆ ಸಮ್ಮಿತಿ ಮುರಿದಿದೆ. ಆದರೆ ಹಿಂದಕ್ಕೆ ಓದಿ, ಎಲ್ಲ ಬಾಣಗಳನ್ನೂ ತಿರುಗಿಸಿದರೆ ಮೊದಲಿನ ಸಾಲೇ ಮರಳಿ ಬರುತ್ತದೆ. ಬಾಣ ತಿರುಗಿಸುವುದಕ್ಕೆ ಧ್ರುವೀಕರಣ ಸೊಪ್ಪು ಹಾಕುವುದಿಲ್ಲ, ಆದ್ದರಿಂದ ಅದು ಸೊನ್ನೆಯೇ ಆಗಿರಬೇಕು. ಅಲ್ಲಿ ಧ್ರುವೀಕರಣ ಬೇಕೆಂದರೆ ಹೊರಗಿನಿಂದ ಕಾಂತಕ್ಷೇತ್ರ ಕೊಡಬೇಕು, ಕೊಟ್ಟಷ್ಟಕ್ಕೆ ತಕ್ಕಷ್ಟು ಬರುತ್ತದೆ. ಡ್ಜ್ಯಾಲೊಶಿನ್ಸ್ಕಿ 1959ರಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದರು, ಅಸ್ಟ್ರೋವ್ 1960ರಲ್ಲಿ ಇದರ ಉಲ್ಟಾ, ಅಂದರೆ ವಿದ್ಯುತ್ ಕ್ಷೇತ್ರದಿಂದ ಕಾಂತತ್ವ ಬರುವುದನ್ನು, ಅಳೆದು ತೋರಿಸಿದರು. ಅದು ಮ್ಯಾಗ್ನೆಟೋಎಲೆಕ್ಟ್ರಿಕ್ ವಸ್ತು, ಫೆರೋಎಲೆಕ್ಟ್ರಿಕ್, ಅಂದರೆ ತಾನಾಗಿ ಧ್ರುವೀಕರಣಗೊಳ್ಳುವ ವಸ್ತು, ಅಲ್ಲ. ಸೈಕ್ಲಾಯ್ಡಿಗೆ ಇದೇ ಎರಡನೆಯ ಪರೀಕ್ಷೆ ಮಾಡಿ. ಬಾಣಗಳನ್ನೆಲ್ಲ ತಿರುಗಿಸಿದರೂ ಬಲಮುರಿ ಬಲಮುರಿಯೇ, ಅರ್ಧ ಅಲೆಯಷ್ಟು ಜರುಗುತ್ತದೆ ಅಷ್ಟೆ. ಎರಡೂ ಪರೀಕ್ಷೆ ದಾಟಿದ, ಅಂದರೆ ಎರಡರಲ್ಲೂ ಮೊದಲಿನಂತೆ ಮರಳಿ ಬರದ, ಸಾಲಿಗೆ ಮಾತ್ರ ತಾನಾಗಿ ಧ್ರುವೀಕರಣ ದಕ್ಕುತ್ತದೆ. ಹೊಸ ವಸ್ತುವಿನ ಕಾಂತರಚನೆ ಕೈಗೆ ಸಿಕ್ಕಾಗ ಯಾವ ಸಮೀಕರಣಕ್ಕೂ ಮೊದಲು ಈ ಎರಡು ಓದನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ಸ್ಪಿನ್‌ಗಳಿಗೆ ಹೀಗೆ ಸುತ್ತುವ ಚಟ ಎಲ್ಲಿಂದ ಬಂತು? ಪಕ್ಕದವರ ಮಾತಿಗೂ ಅದರಾಚೆಯವರ ಮಾತಿಗೂ ಹೊಂದಿಕೆಯಾಗದಿರುವುದರಿಂದ. ಪಕ್ಕದ ಸ್ಪಿನ್ ‘ನನ್ನ ಜೊತೆಗೇ ನಿಲ್ಲು’ ಎನ್ನುತ್ತದೆ, ಒಂದು ಬಿಟ್ಟು ಒಂದರಲ್ಲಿರುವುದು ‘ನನಗೆ ಎದುರಾಗಿ ನಿಲ್ಲು’ ಎನ್ನುತ್ತದೆ. ಎರಡನೆಯದರ ಬಲ ಮೊದಲನೆಯದರ ಕಾಲು ಭಾಗವನ್ನು ಮೀರಿದರೆ ಸ್ಪಿನ್ ಇಬ್ಬರಿಗೂ ಪೂರ್ತಿ ಒಪ್ಪದೆ ಒಂದು ಕೋನದಲ್ಲಿ ನಿಲ್ಲುತ್ತದೆ. ಆ ಕೋನದ ಕೊಸೈನ್ ಎಂದರೆ ಮೊದಲ ಬಲವನ್ನು ಎರಡನೆಯದರ ನಾಲ್ಕು ಪಟ್ಟಿನಿಂದ ಭಾಗಿಸಿದ್ದು. ಟರ್ಬಿಯಂ ಮ್ಯಾಂಗನೈಟಿನಲ್ಲಿ ಅಲೆಯ ಸಂಖ್ಯೆ 0.28. ಅಂದರೆ ಬಿ ಅಕ್ಷದಗುಂಟ ಒಂದು ಸುತ್ತು ಮುಗಿಯಲು ಸುಮಾರು 3.6 ಏಕಕೋಶ, 21 ಆಂಗ್‌ಸ್ಟ್ರಾಮ್ ಬೇಕು. ಒಂದು ಮ್ಯಾಂಗನೀಸ್‌ನಿಂದ ಮುಂದಿನದಕ್ಕೆ ತಿರುವು ಸುಮಾರು 50 ಡಿಗ್ರಿ. ಲ್ಯಾಂಥನಂ ಮ್ಯಾಂಗನೈಟಿನಲ್ಲಿ ಈ ಜಗಳವಿಲ್ಲ. ದೊಡ್ಡ ಲ್ಯಾಂಥನಂ ಜಾಗದಲ್ಲಿ ಚಿಕ್ಕ ಟರ್ಬಿಯಂ ಕೂತಾಗ ಆಮ್ಲಜನಕದ ಎಂಟುಮುಖಿಗಳು ವಾಲುತ್ತವೆ, ಮ್ಯಾಂಗನೀಸ್-ಆಮ್ಲಜನಕ-ಮ್ಯಾಂಗನೀಸ್ ಬಂಧ ಇನ್ನಷ್ಟು ಬಾಗುತ್ತದೆ, ಪಕ್ಕದವರ ಬಲ ಕುಗ್ಗಿ ದೂರದವರದು ಮುಂದೆ ಬರುತ್ತದೆ. ಡಿಸ್ಪ್ರೋಸಿಯಂ ಹಾಕಿದರೆ ಧ್ರುವೀಕರಣ 2,000 ಮೈಕ್ರೋಕೂಲಂಬಿನವರೆಗೂ ಏರುತ್ತದೆ. ಅದಕ್ಕಿಂತ ಚಿಕ್ಕದಾದ ಹೋಲ್ಮಿಯಂ ಹಾಕಿ ಮಾಮೂಲಿ ಒತ್ತಡದಲ್ಲಿ ಬೇಯಿಸಿದರೆ ಹರಳು ಷಟ್ಕೋನ ರಚನೆಗೆ ಹೊರಟುಹೋಗುತ್ತದೆ.

ಆಮ್ಲಜನಕ ಏಕೆ ಸರಿಯುತ್ತದೆ

ಎರಡು ಮ್ಯಾಂಗನೀಸ್ ನಡುವಿನ ಆಮ್ಲಜನಕ ನೇರ ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಆ ಎರಡು ಸ್ಪಿನ್‌ಗಳಿಗೆ ಓರೆಯಾಗಿ ನಿಲ್ಲಲು ಒಂದು ಒತ್ತಾಸೆ ಸಿಗುತ್ತದೆ. ಇದು ಡ್ಜ್ಯಾಲೊಶಿನ್ಸ್ಕಿ-ಮೋರಿಯಾ ಅಂತರ್‌ಕ್ರಿಯೆ. ಇದನ್ನೇ ತಿರುವಿಹಾಕಿ. ಸ್ಪಿನ್‌ಗಳು ಬೇರೆ ಕಾರಣಕ್ಕೆ ಮೊದಲೇ ಓರೆಯಾಗಿ ನಿಂತಿದ್ದರೆ, ಆಮ್ಲಜನಕವು ಪಕ್ಕಕ್ಕೆ ಸರಿದು ಶಕ್ತಿ ಉಳಿಸಿಕೊಳ್ಳುತ್ತದೆ. ಸೈಕ್ಲಾಯ್ಡಿನಲ್ಲಿ ಪ್ರತಿ ಜೋಡಿಯೂ ಒಂದೇ ಕಡೆಗೆ ತಿರುಗುತ್ತಿರುವುದರಿಂದ ಆಮ್ಲಜನಕಗಳೆಲ್ಲ ಒಂದೇ ಕಡೆಗೆ ಸರಿಯುತ್ತವೆ. ಸರಿಯುವುದರಿಂದ ಬರುವ ಲಾಭ ಸರಿದ ದೂರಕ್ಕೆ ತಕ್ಕಂತೆ ಏರುತ್ತದೆ. ಸ್ಪ್ರಿಂಗ್ ಎಳೆದಂತೆ ತಗಲುವ ನಷ್ಟ ದೂರದ ವರ್ಗಕ್ಕೆ ತಕ್ಕಂತೆ. ಹಾಗಾಗಿ ಎಷ್ಟೇ ಗಡುಸಾದ ಹರಳಿನಲ್ಲೂ ಸರಿತ ಸೊನ್ನೆಯಾಗದು, ಹೊಸ್ತಿಲು ಎಂಬುದೇ ಇಲ್ಲ. ಬೇರಿಯಂ ಟೈಟನೇಟಿನಲ್ಲಿ ಹಾಗಲ್ಲ, ಅಲ್ಲಿ ಹರಳೇ ಮೆತ್ತಗಾಗಿ ಕುಸಿಯಬೇಕು. ಇಲ್ಲಿ ಎಳೆಯುವ ಕೈ ಸ್ಪಿನ್-ಕಕ್ಷಾ ಬಂಧದ್ದು (ಎಲೆಕ್ಟ್ರಾನಿನ ಸ್ಪಿನ್ ಮತ್ತು ಅದರ ಕಕ್ಷೆಯ ನಡುವಿನ ನಂಟು), ಮ್ಯಾಂಗನೀಸಿನಲ್ಲಿ ಅದು ದುರ್ಬಲ. 20 ಫೆಮ್ಟೋಮೀಟರ್ ಎಂಬ ಸಂಖ್ಯೆಯ ಮೂಲ ಇಲ್ಲಿದೆ.

ದಿಕ್ಕು ಹೇಳಲು ಒಂದು ಸುಲಭ ಸೂತ್ರವಿದೆ. ಕತ್ಸುರಾ, ನಾಗಾಓಸಾ, ಬಲಾಟ್ಸ್ಕಿ 2005ರಲ್ಲಿ, ಮೊಸ್ತೊವೊಯ್ 2006ರಲ್ಲಿ ಬೇರೆ ಬೇರೆ ದಾರಿಯಿಂದ ಇದಕ್ಕೇ ಬಂದರು: ಅಲೆ ಸಾಗುವ ದಿಕ್ಕು, ಸ್ಪಿನ್ ಸುತ್ತುವ ಅಚ್ಚು, ಇವೆರಡಕ್ಕೂ ಲಂಬವಾಗಿ ಧ್ರುವೀಕರಣ. ಅಲೆ ಬಿ ದಿಕ್ಕಿನಲ್ಲಿ, ಸ್ಪಿನ್ ಬಿ-ಸಿ ಸಮತಲದಲ್ಲಿ ಸುತ್ತಿದರೆ ಅಚ್ಚು ಎ, ಧ್ರುವೀಕರಣ ಸಿ. ಬಿ ದಿಕ್ಕಿನ ಕಾಂತಕ್ಷೇತ್ರ ಸುತ್ತುವ ಸಮತಲವನ್ನು ಎ-ಬಿಗೆ ಹೊರಳಿಸಿದರೆ ಅಚ್ಚು ಸಿ, ಧ್ರುವೀಕರಣ ಎ. ಮೊದಲು ಹೇಳಿದ ಹೊರಳುವಿಕೆ ಇಷ್ಟೇ. ಸ್ಪಿನ್ ಬೈರಿಗೆಯಂತೆ ಸುತ್ತಿದರೆ, ಅಂದರೆ ಅಚ್ಚು ಮತ್ತು ಅಲೆಯ ದಿಕ್ಕು ಒಂದೇ ಆದರೆ, ಈ ಸೂತ್ರ ಸೊನ್ನೆ ಕೊಡುತ್ತದೆ. ಅದನ್ನು ನಂಬಿ ಅಂಥ ವಸ್ತುಗಳನ್ನು ಪಕ್ಕಕ್ಕಿಡುವುದು ತಪ್ಪು. ತಾಮ್ರ-ಕಬ್ಬಿಣದ ಆಕ್ಸೈಡಿನಲ್ಲಿ ಬೈರಿಗೆ ಜೋಡಣೆಯೇ ಧ್ರುವೀಕರಣ ತರುತ್ತದೆ. ಲೋಹ ಮತ್ತು ಆಮ್ಲಜನಕದ ಕಕ್ಷೆಗಳ ಬೆರಕೆಯೇ ಸ್ಪಿನ್‌ನ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆಂದು ಅರಿಮಾ 2007ರಲ್ಲಿ ವಿವರಿಸಿದರು. ಸೂತ್ರ ಸಮ್ಮಿತಿಯ ಕೈಕೆಳಗಿನದು, ಕೊನೆಯ ತೀರ್ಪು ಯಾವಾಗಲೂ ಸಮ್ಮಿತಿಯದೇ.

ಸುರುಳಿಯೇ ಬೇಕೆಂದಿಲ್ಲ. ನೆಟ್ಟಗೆ ಮೇಲೆ-ಕೆಳಗೆ ನಿಂತ ಸ್ಪಿನ್‌ಗಳೂ ಈ ಕೆಲಸ ಮಾಡಬಲ್ಲವು, ಇನ್ನೂ ಜೋರಾಗಿ ಮಾಡಬಲ್ಲವು. ಕ್ಯಾಲ್ಸಿಯಂ-ಕೋಬಾಲ್ಟ್-ಮ್ಯಾಂಗನೀಸ್ ಆಕ್ಸೈಡಿನಲ್ಲಿ ಕೋಬಾಲ್ಟ್, ಮ್ಯಾಂಗನೀಸ್ ಸರದಿಯಂತೆ ಸರಪಳಿಯಲ್ಲಿ ಕೂತಿವೆ, ಸುಮಾರು 16 ಕೆಲ್ವಿನ್ ಕೆಳಗೆ ಸ್ಪಿನ್‌ಗಳು ↑ ↑ ↓ ↓ ಆಗುತ್ತವೆ. ಬಿಡಿಸಿ ನೋಡಿ: ಕೋಬಾಲ್ಟಿನಿಂದ ಬಲಕ್ಕಿರುವ ಮ್ಯಾಂಗನೀಸ್ ಪ್ರತಿ ಸಲವೂ ಅದೇ ದಿಕ್ಕಿನ ಜೊತೆಗಾರ, ಎಡಕ್ಕಿರುವುದು ಪ್ರತಿ ಸಲವೂ ಎದುರಾಳಿ. ಎರಡು ಬಗೆಯ ಬಂಧಗಳ ಉದ್ದ ಬೇರೆಬೇರೆ ಆಗುತ್ತದೆ, ಅಯಾನುಗಳ ಆವೇಶ 2 ಮತ್ತು 4 ಆಗಿರುವುದರಿಂದ ಸರಪಳಿಗೆಲ್ಲ ಒಂದೇ ದಿಕ್ಕಿನ ದ್ವಿಧ್ರುವ ಬರುತ್ತದೆ. ಅಯಾನುಗಳ ಸಾಲಿಗೆ ವಿಲೋಮ ಕೇಂದ್ರ ಅಯಾನಿನ ಮೇಲಿದೆ, ಸ್ಪಿನ್ ಸಾಲಿಗೆ ಬಂಧದ ನಡುವಿದೆ. ಬಿಡಿಬಿಡಿಯಾಗಿ ಎರಡೂ ವಿಕಟಕವಿಗಳೇ, ಸೇರಿದಾಗ ಅಲ್ಲ. ಈ ದಾರಿಗೆ ಸ್ಪಿನ್-ಕಕ್ಷಾ ಬಂಧದ ಹಂಗಿಲ್ಲ, ಪಕ್ಕದ ಸ್ಪಿನ್ ಜೊತೆಗೆ ನಿಲ್ಲಬೇಕೋ ಎದುರಾಗಿ ನಿಲ್ಲಬೇಕೋ ಎಂದು ತೀರ್ಮಾನಿಸುವ ವಿನಿಮಯ ಶಕ್ತಿಯೇ ನೇರವಾಗಿ ದುಡಿಯುತ್ತದೆ. ಗ್ಯಾಡೊಲಿನಿಯಂನ 1:2:5 ಮ್ಯಾಂಗನೇಟಿನಲ್ಲಿ ಚದರ ಮೀಟರಿಗೆ 3,600 ಮೈಕ್ರೋಕೂಲಂಬ್ ಸಿಕ್ಕಿದ್ದು ಈ ಬಗೆಯಿಂದ. ಟರ್ಬಿಯಂ ಮ್ಯಾಂಗನೈಟನ್ನೇ 4.5 ಗಿಗಾಪ್ಯಾಸ್ಕಲ್ ಮೀರಿ ಹಿಂಡಿದಾಗ ಧ್ರುವೀಕರಣ 10,000ದ ಮಟ್ಟಕ್ಕೆ ಜಿಗಿದದ್ದನ್ನು 2014ರಲ್ಲಿ ವರದಿ ಮಾಡಿದರು. ಅಲ್ಲಿಯೂ ಸುರುಳಿ ಹೋಗಿ ಇಂಥ ಜೋಡಿ ಸಾಲು ಬಂದಿತ್ತು ಎಂಬುದೇ ವಿವರಣೆ. ದೊಡ್ಡ ಧ್ರುವೀಕರಣ ಬೇಕೆನ್ನುವವರು ಸುರುಳಿಗಳ ಹಿಂದೆ ಬೀಳುವುದಕ್ಕಿಂತ ಈ ಕಡೆ ಹುಡುಕುವುದು ಮೇಲು ಎಂದು ನಮ್ಮ ಅಭಿಪ್ರಾಯ.

ಪುಡಿಯಿಂದ ಪೈಕೋಆಂಪಿಯರ್‌ವರೆಗೆ

ಇನ್ನು ಅಳತೆ. ಧ್ರುವೀಕರಣ ನಾನೂರು ಪಟ್ಟು ಚಿಕ್ಕದಾದಾಗ ಮಾಮೂಲಿ ಫೆರೋಎಲೆಕ್ಟ್ರಿಕ್‌ಗಳಲ್ಲಿ ಕಣ್ಣಿಗೂ ಬೀಳದ ದೋಷಗಳು ಇಲ್ಲಿ ಉತ್ತರವನ್ನೇ ನುಂಗಿಬಿಡುತ್ತವೆ.

ಮೊದಲು ಪುಡಿ. 10 ಗ್ರಾಂ ಟರ್ಬಿಯಂ ಮ್ಯಾಂಗನೈಟಿಗೆ 7.138 ಗ್ರಾಂ ಟರ್ಬಿಯಂ ಆಕ್ಸೈಡ್ (ನಾಲ್ಕು ಟರ್ಬಿಯಂಗೆ ಏಳು ಆಮ್ಲಜನಕ ಇರುವುದು), 3.014 ಗ್ರಾಂ ಮ್ಯಾಂಗನೀಸ್ ಆಕ್ಸೈಡ್ (ಎರಡಕ್ಕೆ ಮೂರು ಇರುವುದು). ಕೂಡಿದರೆ ಸುಮಾರು 10.15 ಗ್ರಾಂ. ಹೆಚ್ಚಿನ 0.15 ಗ್ರಾಂ ಆಮ್ಲಜನಕವಾಗಿ ಹೊರಟುಹೋಗುತ್ತದೆ, ತೂಕ ತಪ್ಪಿತೆಂದು ಗಾಬರಿ ಬೇಡ. ಟರ್ಬಿಯಂ ಆಕ್ಸೈಡ್ ಗಾಳಿಯ ತೇವ ಹೀರುತ್ತದೆ. 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ, ಕೂಡಲೇ ತೂಗಬೇಕು. ಅಗೇಟ್ ಕಲ್ವದಲ್ಲಿ ಅಸಿಟೋನ್ ಹಾಕಿ ಒಂದು ಗಂಟೆ ಅರೆದು, 1100 ಡಿಗ್ರಿಯಲ್ಲಿ ಒಂದು ದಿನ, ಮತ್ತೆ ಅರೆದು ಬಿಲ್ಲೆ ಒತ್ತಿ 1350ರಿಂದ 1400 ಡಿಗ್ರಿಯಲ್ಲಿ ಇನ್ನೊಂದು ದಿನ ಬೇಯಿಸುವುದು ರೂಢಿ.

ತೇವದ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಟರ್ಬಿಯಂ ತೂಕ ಶೇ 1ರಷ್ಟು ಕಡಿಮೆ ಬಿದ್ದರೆ ಮಿಕ್ಕ ಮ್ಯಾಂಗನೀಸ್ ಮೂರಕ್ಕೆ ನಾಲ್ಕರ ಆಕ್ಸೈಡಾಗಿ ಉಳಿಯಬಹುದು, ಹೆಚ್ಚೆಂದರೆ 10 ಗ್ರಾಂನಲ್ಲಿ 29 ಮಿಲಿಗ್ರಾಂ. ಎಕ್ಸ್-ಕಿರಣ ವಿವರ್ತನೆಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ಅದು ಫೆರಿಮ್ಯಾಗ್ನೆಟ್, ಎದುರುಬದುರು ಸ್ಪಿನ್‌ಗಳು ಪೂರ್ತಿ ರದ್ದಾಗದೆ ಉಳಿಯುವ ಅಯಸ್ಕಾಂತ. ಅದು ಕ್ರಮಕ್ಕೆ ಬರುವುದು 42-43 ಕೆಲ್ವಿನ್‌ನಲ್ಲಿ, ಟರ್ಬಿಯಂ ಮ್ಯಾಂಗನೈಟಿನ 41ರ ಪಕ್ಕದಲ್ಲೇ! ಟರ್ಬಿಯಂನ ದೊಡ್ಡ ಕಾಂತತ್ವದಡಿ ಮ್ಯಾಂಗನೀಸಿನ ನಿಜವಾದ ಕ್ರಮಬದಲಾವಣೆ ಮ್ಯಾಗ್ನೆಟೋಮೀಟರಿನಲ್ಲಿ ಬಹುತೇಕ ಮುಚ್ಚಿಹೋಗುತ್ತದೆ. ಹಾಗಾಗಿ ಚಿಕ್ಕ ಕ್ಷೇತ್ರದಲ್ಲಿ 42ರ ಬಳಿ ಚೆಂದದ ಏರಿಕೆ ಕಂಡಿತೆಂದರೆ ಅದು ಕಶ್ಮಲದ ಗುರುತು ಎಂದೇ ಮೊದಲು ಸಂಶಯಪಡಿ. 41, 28, 7 ಕೆಲ್ವಿನ್‌ಗಳ ಮೂರೂ ಬದಲಾವಣೆಗಳನ್ನು ವಿಶಿಷ್ಟೋಷ್ಣದಲ್ಲಿ ನೋಡಿ ಖಾತ್ರಿಪಡಿಸಿಕೊಳ್ಳುವುದು ಸರಿಯಾದ ದಾರಿ. ಕೊನೆಯದು ಟರ್ಬಿಯಂ ಸ್ಪಿನ್‌ಗಳದ್ದು.

ಬಿಲ್ಲೆಯಲ್ಲಿ ಹರಳ ಕಣಗಳು ದಿಕ್ಕುದಿಕ್ಕಿಗೆ ಇರುವುದರಿಂದ ಎಷ್ಟು ಚೆನ್ನಾಗಿ ಪೋಲ್ ಮಾಡಿದರೂ (ವಿದ್ಯುತ್ ಕ್ಷೇತ್ರ ಕೊಟ್ಟು ಧ್ರುವೀಕರಣವನ್ನು ಒಂದೇ ಕಡೆಗೆ ತಿರುಗಿಸಿದರೂ) ಏಕಹರಳಿನ ಅರ್ಧಕ್ಕಿಂತ ಹೆಚ್ಚು ಧ್ರುವೀಕರಣ ಬರುವಂತಿಲ್ಲ. ದಿಕ್ಕಿನ ಮಾತು ಆಡಬೇಕಾದರೆ ಫ್ಲೋಟಿಂಗ್ ಝೋನ್ ಕುಲುಮೆಯಲ್ಲಿ (ಕಡ್ಡಿಯ ಚಿಕ್ಕ ಭಾಗವನ್ನಷ್ಟೇ ಕರಗಿಸುತ್ತಾ ಸಾಗುವ ಕುಲುಮೆ) ಬೆಳೆಸಿದ ಹರಳೇ ಬೇಕು. ಲಾವೆ ಚಿತ್ರದಿಂದ (ಹರಳಿನ ಎಕ್ಸ್-ಕಿರಣ ಚುಕ್ಕಿಚಿತ್ರ) ದಿಕ್ಕು ಗುರುತಿಸಿ ಕತ್ತರಿಸುವಾಗ 5 ಡಿಗ್ರಿ ತಪ್ಪಿದರೂ ಸಿ ದಿಕ್ಕಿನ 600ರಲ್ಲಿ 52 ಮೈಕ್ರೋಕೂಲಂಬ್ ಎ ದಿಕ್ಕಿನಲ್ಲಿ ಸುಳ್ಳಾಗಿ ಕಾಣುತ್ತದೆ. ಸಂಕೀರ್ಣ ಕಾಂತರಚನೆಯೆಂದು ಬರೆದುಕೊಳ್ಳುವ ಮುಂಚೆ ಕತ್ತರಿಸಿದ ಕೋನ ನೋಡಿಕೊಳ್ಳಿ.

4 ಚದರ ಮಿಲಿಮೀಟರ್ ಮುಖ, ಅರ್ಧ ಮಿಲಿಮೀಟರ್ ದಪ್ಪದ ತುಂಡು ಎಂದಿಟ್ಟುಕೊಳ್ಳಿ. ಎರಡೂ ಮುಖಕ್ಕೆ ಬೆಳ್ಳಿ ಪೇಸ್ಟ್ ಅಥವಾ ಸಿಂಪಡಿಸಿದ ಚಿನ್ನ, ಅಂಚಿಗೆ ಹರಿಯದಂತೆ. ತಂಪು ಮಾಡುವಾಗ 200 ವೋಲ್ಟ್ ಕೊಟ್ಟರೆ ಸೆಂಟಿಮೀಟರಿಗೆ 4 ಕಿಲೋವೋಲ್ಟ್. ಈ ಕ್ಷೇತ್ರವೇ ಬಲಮುರಿ-ಎಡಮುರಿಗಳಲ್ಲಿ ಒಂದನ್ನು ಆರಿಸುತ್ತದೆ. ಆಮೇಲೆ ವೋಲ್ಟೇಜ್ ತೆಗೆದು, ಎರಡು ತಂತಿಗಳನ್ನೂ 20-30 ನಿಮಿಷ ಶಾರ್ಟ್ ಮಾಡಿ, ಎಲೆಕ್ಟ್ರೋಮೀಟರಿಗೆ ಜೋಡಿಸಿ, ನಿಮಿಷಕ್ಕೆ 5 ಕೆಲ್ವಿನ್ ದರದಲ್ಲಿ ಕಾಯಿಸುತ್ತಾ ಹರಿಯುವ ಪ್ರವಾಹ ಅಳೆಯುತ್ತೇವೆ. ಒಟ್ಟು ಆವೇಶ 2.4 ನ್ಯಾನೋಕೂಲಂಬ್. 10ರಿಂದ 28 ಕೆಲ್ವಿನ್‌ಗೆ ಹೋಗಲು 216 ಸೆಕೆಂಡ್. ಸರಾಸರಿ ಪ್ರವಾಹ 11 ಪೈಕೋಆಂಪಿಯರ್, 27ರ ಬಳಿ ಅದಕ್ಕಿಂತ ಎತ್ತರದ ಚೂಪು. ಕೇಬಲ್ ಅಲುಗಿದರೂ ಇಷ್ಟು ಪ್ರವಾಹ ಹುಟ್ಟುತ್ತದೆ, ಆದ್ದರಿಂದ ಟ್ರೈಆಕ್ಸಿಯಲ್ ಕೇಬಲ್ ಹಾಕಿ, ಕಟ್ಟಿ ಬಿಗಿಯಿರಿ. ಅಡಿಗೆರೆಯಲ್ಲಿ ಅರ್ಧ ಪೈಕೋಆಂಪಿಯರ್ ತಪ್ಪಿದ್ದರೆ ಕೂಡಿಸಿದಾಗ 27 ಮೈಕ್ರೋಕೂಲಂಬ್ ತಪ್ಪು. 600ರಲ್ಲಿ ಅದು ಸಹ್ಯ. ಕೋಬಾಲ್ಟ್ ಕ್ರೋಮೈಟಿನಂಥ 2 ಮೈಕ್ರೋಕೂಲಂಬಿನ ವಸ್ತುವಿನಲ್ಲಿ ಅದೇ ತಪ್ಪು ಉತ್ತರಕ್ಕಿಂತ ಹದಿಮೂರು ಪಟ್ಟು ದೊಡ್ಡದು. ಅಲ್ಲಿ ಅಗಲದ ತುಂಡು, ಜೋರು ದರ ಬೇಕೇಬೇಕು.

ಧಾರಕತ್ವ ಅಳೆಯುವವರಿಗೂ ಒಂದು ಮಾತು. ಸಾಪೇಕ್ಷ ಪರಾವೈದ್ಯುತಾಂಕ 30 ಎಂದರೆ ಈ ತುಂಡಿನ ಧಾರಕತ್ವ 2 ಪೈಕೋಫ್ಯಾರಡ್ ಚಿಲ್ಲರೆ, ಕವಚವಿಲ್ಲದ ತಂತಿಗಳದ್ದೇ ಅದಕ್ಕಿಂತ ಹೆಚ್ಚು. ನಿಜವಾದ ಕ್ರಮಬದಲಾವಣೆಯ ಚೂಪು ಯಾವ ಆವರ್ತಾಂಕದಲ್ಲೂ ಅದೇ ಉಷ್ಣಾಂಶದಲ್ಲಿ ನಿಲ್ಲುತ್ತದೆ. ಆವರ್ತಾಂಕದ ಜೊತೆ ಸರಿಯುವ ಮೆಟ್ಟಿಲು ಕಣಗಳ ಅಂಚಿನ ಇಲ್ಲವೇ ಎಲೆಕ್ಟ್ರೋಡಿನ ಕೆಲಸ.

ಅತಿ ದೊಡ್ಡ ಮೋಸ ಸಿಕ್ಕಿಬಿದ್ದ ಆವೇಶದ್ದು. ಪೋಲಿಂಗ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ದೋಷಗಳಲ್ಲಿ ಕೂರಿಸುತ್ತದೆ, ತಂಪಿನಲ್ಲಿ ಅವು ಹೆಪ್ಪುಗಟ್ಟಿ ಕೂತಿರುತ್ತವೆ. ಕಾಯಿಸಿದಾಗ ಬಿಡಿಸಿಕೊಂಡು ಹರಿದು ಒಂದು ಸೊಗಸಾದ ಚೂಪು ಕೊಡುತ್ತವೆ. ಕೂಡಿಸಿದರೆ ಥೇಟ್ ಧ್ರುವೀಕರಣದ ವಕ್ರರೇಖೆ. ಪೋಲಿಂಗ್ ಕ್ಷೇತ್ರ ತಿರುಗಿಸಿದರೆ ಚಿಹ್ನೆಯೂ ತಿರುಗುತ್ತದೆ. ಹಾಗಾಗಿ ‘ಚಿಹ್ನೆ ತಿರುಗಿತು, ಆದ್ದರಿಂದ ಫೆರೋಎಲೆಕ್ಟ್ರಿಕ್’ ಎಂಬ ವಾದಕ್ಕೆ ಬೆಲೆಯಿಲ್ಲ. ಬೇರ್ಪಡಿಸಲು ಹೀಗೆ ಮಾಡಿ. ನಿಮಿಷಕ್ಕೆ 2, 5, 10 ಕೆಲ್ವಿನ್ ದರಗಳಲ್ಲಿ ಕಾಯಿಸಿ: ಆವೇಶದ ಚೂಪು ದರ ಹೆಚ್ಚಿದಂತೆ ಹಲವು ಕೆಲ್ವಿನ್ ಮೇಲಕ್ಕೆ ಸರಿಯುತ್ತದೆ, ನಿಜವಾದದ್ದು ನಿಂತಲ್ಲೇ ನಿಲ್ಲುತ್ತದೆ. ತುಂಡು ಥರ್ಮಾಮೀಟರಿಗಿಂತ ಹಿಂದೆ ಬೀಳುವುದರಿಂದ ಅರ್ಧ-ಒಂದು ಕೆಲ್ವಿನ್ ಸರಿದರೆ ತಲೆ ಕೆಡಿಸಿಕೊಳ್ಳಬೇಡಿ. ಚೂಪಿನ ಅರ್ಧದಲ್ಲಿ ಕಾಯಿಸುವುದನ್ನು ನಿಲ್ಲಿಸಿ: ನಿಜವಾದ ಪ್ರವಾಹ ಉಷ್ಣಾಂಶ ನಿಂತೊಡನೆ ಸೊನ್ನೆಗೆ ಬೀಳುತ್ತದೆ, ಆವೇಶದ್ದು ನಿಧಾನವಾಗಿ ಕರಗುತ್ತದೆ. 60ರಿಂದ 32 ಕೆಲ್ವಿನ್‌ವರೆಗೆ ಮಾತ್ರ ಕ್ಷೇತ್ರ ಕೊಟ್ಟು, 28 ಬರುವ ಮೊದಲೇ ತೆಗೆಯಿರಿ: ಆಗಲೂ ಚೂಪು ಬಂದರೆ ಅದಕ್ಕೂ ಕಾಂತಕ್ರಮಕ್ಕೂ ನೇರ ನಂಟಿದೆಯೆಂದು ಹೇಳುವಂತಿಲ್ಲ. ಹಾಗೆ ಕೂತ ಆವೇಶವೇ ಒಳಗಿನ ಕ್ಷೇತ್ರವಾಗಿ ನಿಜವಾದ ಧ್ರುವೀಕರಣವನ್ನು ಒಂದು ಕಡೆಗೆ ವಾಲಿಸಬಲ್ಲದು ಎಂಬುದನ್ನೂ ನೆನಪಿಡಿ.

ಎಲ್ಲಕ್ಕಿಂತ ಚೊಕ್ಕದಾದದ್ದು ಡಿಸಿ ಬಯಾಸ್ ವಿಧಾನ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಎ. ಸುಂದರೇಶನ್ ಅವರ ಗುಂಪು ಇದನ್ನು ಟರ್ಬಿಯಂ ಮ್ಯಾಂಗನೈಟಿನ ಮೇಲೂ ಬಳಸಿದೆ. ಕ್ಷೇತ್ರವಿಲ್ಲದೆ ತಂಪು ಮಾಡಿ, ತಳದಲ್ಲಿ ವೋಲ್ಟೇಜ್ ಹಾಕಿ, ಅದನ್ನು ಹಾಗೇ ಇಟ್ಟು ಕಾಯಿಸುತ್ತಾ ಪ್ರವಾಹ ನೋಡುವುದು. ಫೆರೋಎಲೆಕ್ಟ್ರಿಕ್ ಆಗಿದ್ದರೆ ಕ್ರಮಬದಲಾವಣೆಯ ತುಸು ಮುಂಚೆ ಒಂದೇ ದಿಕ್ಕಿನ ಧ್ರುವೀಕರಣವಿರುವ ತುಣುಕುಗಳಾದ ಡೊಮೇನ್‌ಗಳು ಕ್ಷೇತ್ರದ ಕಡೆ ಹೊರಳಿ ಒಂದು ಚೂಪು ಮೇಲಕ್ಕೆ, ಕ್ರಮಬದಲಾವಣೆಯಲ್ಲಿ ಧ್ರುವೀಕರಣ ಅಳಿದುಹೋಗಿ ಇನ್ನೊಂದು ಚೂಪು ಕೆಳಕ್ಕೆ ಬರುತ್ತದೆ. ಬರೀ ದೋಷಗಳ ಆಟವಾಗಿದ್ದರೆ ಕೆಳಗಿನ ಚೂಪು ಇರುವುದಿಲ್ಲ. ಒಂದೇ ಓಟದಲ್ಲಿ ತೀರ್ಮಾನ.

ಕಾಂತಕ್ಷೇತ್ರದಲ್ಲಿ ಧ್ರುವೀಕರಣ ಹೊರಳುವುದನ್ನು ನೋಡುವಾಗ ಉಷ್ಣಾಂಶವನ್ನು ಕದಲದಂತೆ ಇಟ್ಟು ಕ್ಷೇತ್ರವನ್ನು ಸಮದರದಲ್ಲಿ ಏರಿಸಿ ಪ್ರವಾಹ ಕೂಡಿಸುತ್ತೇವೆ. ಇಲ್ಲಿ ತಂತ್ರಜ್ಞಾನಕ್ಕಿಂತ ಅಂಟಿನ ಸಮಸ್ಯೆ ದೊಡ್ಡದು. ಟರ್ಬಿಯಂ ಸ್ಪಿನ್‌ಗಳು ತಮ್ಮ ದಿಕ್ಕಿಗೆ ಜಿಗುಟಾಗಿ ಅಂಟಿಕೊಂಡಿರುವುದರಿಂದ ಕ್ಷೇತ್ರ ಅವನ್ನು ತಿರುಗಿಸುವ ಬದಲು ಹರಳನ್ನೇ ತಿರುಗಿಸುತ್ತದೆ. ಬೆಳ್ಳಿ ಪೇಸ್ಟಿನ ಮೇಲೆ ನಿಂತ ತುಂಡು 5 ಟೆಸ್ಲಾ ತಲುಪುವ ಮೊದಲೇ ಕಿತ್ತುಬಂದು, ತಂತಿ ಹರಿದು, ಪ್ರವಾಹದಲ್ಲಿ ಒಂದು ಜಿಗಿತ ಕೊಡುತ್ತದೆ. ಅದು ಧ್ರುವೀಕರಣದ ಹೊರಳುವಿಕೆಯಂತೆಯೇ ಕಾಣುತ್ತದೆ. ನೀಲಮಣಿ ತಟ್ಟೆಯ ಮೇಲೆ ಗಟ್ಟಿ ಎಪಾಕ್ಸಿಯಿಂದ ಹಿಡಿಸಿ, ಕ್ಷೇತ್ರವನ್ನು ಇಳಿಸುವಾಗಲೂ ಅಳೆದು, ಎರಡನೇ ಸುತ್ತಿನಲ್ಲಿ ಅದೇ ಜಿಗಿತ ಅದೇ ಜಾಗದಲ್ಲಿ ಬಂದರೆ ಮಾತ್ರ ಒಪ್ಪಿಕೊಳ್ಳಿ.

28 ಕೆಲ್ವಿನ್ ತೀರಾ ತಂಪು ಎನ್ನುವವರು ತಾಮ್ರದ ಆಕ್ಸೈಡಿನ ಕಡೆ ನೋಡುತ್ತಾರೆ. 2008ರಲ್ಲಿ ಕಿಮುರಾ ಮತ್ತು ಸಂಗಡಿಗರೇ ಅದರಲ್ಲಿ 213ರಿಂದ 230 ಕೆಲ್ವಿನ್ ನಡುವೆ ಸುರುಳಿಯಿಂದ ಬಂದ ಧ್ರುವೀಕರಣ ಕಂಡರು. ಚದರ ಮೀಟರಿಗೆ ಸುಮಾರು 160 ಮೈಕ್ರೋಕೂಲಂಬ್, ಬಿ ದಿಕ್ಕಿನಲ್ಲಿ. ಇಷ್ಟು ಬಿಸಿಯಲ್ಲಿ ಸೋರುವ ಪ್ರವಾಹವೂ ಹೆಚ್ಚು, ಸಿಕ್ಕಿಬಿದ್ದ ಆವೇಶವೂ ಚುರುಕು. ಮೇಲಿನ ಪರೀಕ್ಷೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ. 213ರ ಕೆಳಗೆ ಸುರುಳಿ ಅಳಿದು ಸ್ಪಿನ್‌ಗಳು ನೆಟ್ಟಗೆ ನಿಲ್ಲುತ್ತವೆ, ಧ್ರುವೀಕರಣವೂ ಅಲ್ಲಿಗೇ ಮುಗಿಯುತ್ತದೆ. ಕೆಳಗೂ ಮೇಲೂ ಎರಡು ಅಂಚು ಇರುವುದು ಅಳೆಯುವವರಿಗೆ ಒಂದು ಅನುಕೂಲವೇ, ದೋಷಗಳ ಚೂಪು ಹೀಗೆ ಎರಡೂ ಅಂಚಿಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ.

ಪ್ರವಾಹದ ಅಳತೆಯಿಂದ ಹೊರಗಿನ ಸಾಕ್ಷಿ ಬೇಕೆಂದರೆ ಧ್ರುವಿತ ನ್ಯೂಟ್ರಾನುಗಳು ಇವೆ. ಬಲಮುರಿ ಸುರುಳಿ ಒಂದು ಬಗೆಯ ಸ್ಪಿನ್ ಇರುವ ನ್ಯೂಟ್ರಾನನ್ನು ಹೆಚ್ಚು ಚದುರಿಸುತ್ತದೆ, ಎಡಮುರಿ ಇನ್ನೊಂದನ್ನು. ಟರ್ಬಿಯಂ ಮ್ಯಾಂಗನೈಟಿನಲ್ಲಿ ಈ ಪ್ರಯೋಗವನ್ನು 2007ರಲ್ಲಿ ಯಮಸಾಕಿ ಮತ್ತು ಸಂಗಡಿಗರು ಮಾಡಿದರು. ಸಿ ದಿಕ್ಕಿನಲ್ಲಿ ಧನ ಕ್ಷೇತ್ರ ಕೊಟ್ಟು ತಂಪು ಮಾಡಿದಾಗ ಒಂದು ಮುರಿ, ಋಣ ಕ್ಷೇತ್ರ ಕೊಟ್ಟಾಗ ಇನ್ನೊಂದು. ವಿದ್ಯುತ್ ಕ್ಷೇತ್ರದ ಚಿಹ್ನೆ ಬದಲಿಸಿದ್ದಷ್ಟೇ, ಸ್ಪಿನ್ ಸಾಲು ಹಿಂದುಮುಂದಾಯಿತು.